ಎಡಗಡೆಯ ಹಲಗೆ

ನಲವತ್ತೇಳು ವರ್ಷದ ಕ್ಯಾಟಮರಾನು.
ಕಟ್ಟು, ಮರ, ಎರಡೂ ನಮ್ಮ ಕಡೆಯ ಮಾತೇ
ಅಂದರೆ ಎನಿಡ್ ಕಟ್‌ಮೋರ್ ನಂಬುವುದಿಲ್ಲ.
"ನಿಮ್ಮೂರಲ್ಲಿ ಸಮುದ್ರ ಇತ್ತೇನು?"
ಇರಲಿಲ್ಲ. ಗದಗಿನಲ್ಲಿ ಇದ್ದದ್ದು ಗಾಳಿ ಮಾತ್ರ.
"ಹಾಗಾದರೆ ಅರ್ಧ ಕೆಲಸ ಆಯಿತಲ್ಲ."

ದೋಣಿಗೆ ಎರಡು ಹಲ್. ಒಡಲು ಎಂದು ಅರ್ಥ.
ನನ್ನ ಕಿವಿಗೆ ಮೊದಲ ದಿನದಿಂದ ಅದು ಹಲ್ಲು.
ಮೂವತ್ತೊಂದು ವರ್ಷ ಕೋಲ್ಚೆಸ್ಟರಿನ ಹಿಂಬದಿ ಕೋಣೆಯೊಂದರಲ್ಲಿ
ಕಂಡವರ ಬಾಯಿಗೆಲ್ಲ ಹಲ್ಲು ಮಾಡಿದವನು ನಾನು,
ಕಂಡವರ ಅಂದೆ, ಒಬ್ಬರನ್ನೂ ಕಂಡಿಲ್ಲ,
ಬರುತ್ತಿದ್ದದ್ದು ಅಚ್ಚು ಮಾತ್ರ.

ಹಾಗಾಗಿ ಸೆಂಟರ್‌ಬೋರ್ಡುಗಳನ್ನು ಕಳಚಿ
ಗ್ಯಾರೇಜಿನ ಮೇಜಿನ ಮೇಲೆ ಮಲಗಿಸಿದಾಗ
ಗಾಬರಿಯಾಗಲಿಲ್ಲ. ಆಳುದ್ದದ ಎರಡು ಬಾಚಿಹಲ್ಲು,
ಹಳದಿಗಟ್ಟಿದ್ದು, ಚಕ್ಕೆ ಎದ್ದದ್ದು,
ಎಂದೋ ಮರಳುದಿಬ್ಬ ಕಚ್ಚಿದ ಗುರುತು ತುದಿಗೆ.

ಪ್ಲೈವುಡ್ಡಿನಲ್ಲಿ ಅಚ್ಚು ಕೊರೆದು ಜಾರಿಸಿದೆ.
ಬೆಳಕು ತೂರಿದಲ್ಲಿ ತಗ್ಗು, ಅಲ್ಲಿಗೆ ಎಪಾಕ್ಸಿ.
ಉಬ್ಬು ಹುಡುಕಲು ನನ್ನ ಹಳೆಯ ನೀಲಿ ಕಾಗದ,
ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿದಲ್ಲಿ
ಚುಕ್ಕೆ ಬೀಳಿಸುತ್ತಿತ್ತಲ್ಲ, ಅದೇ.
ಆಮೇಲೆ ಉಪ್ಪುಕಾಗದ, ಎಂಬತ್ತು, ನೂರೆಂಬತ್ತು, ನಾನೂರು,
ಆಮೇಲೆ ನೀರು, ಆಮೇಲೆ ಕಣ್ಣು ಮುಚ್ಚಿ ಬೆರಳು.
ಎರಡು ವಾರ ಅನ್ನದಲ್ಲೂ ಬಿಳಿ ಧೂಳು.
"ನಿವೃತ್ತಿ ಆದಮೇಲೂ ಹಲ್ಲುಪುಡಿಯೇ?" ಎಂದಳು ಅಂಬುಜಾ.
ಹಲಗೆ ಇಳಿಯುವ ಸೀಳಿಗೆ ರಬ್ಬರಿನ ತುಟಿ ಅಂಟಿಸಿದೆ,
ನೀರು ಮೇಲಕ್ಕೆ ಉಗುಳಬಾರದೆಂದು.

ಮುಖ್ಯ ಕಾಯಿಲೆ ಬೇರೆ. ಹನ್ನೊಂದು ನಾಟ್ ದಾಟಿದರೆ
ಹಲಗೆಗಳೆರಡೂ ಗುಂಯ್ ಎನ್ನುತ್ತಿದ್ದವು,
ನೀರಿನಡಿ ಯಾರೋ ತಂಬೂರಿ ಹಿಡಿದು ಕೂತ ಹಾಗೆ.
ಆ ದನಿ ಎಂದರೆ ಸೋರುವ ವೇಗ.
ಹಿಂದಿನ ಅಂಚು ದುಂಡಗಿದ್ದರೆ ಎರಡು ಕಡೆಯ ನೀರು
ಅಲ್ಲಿ ಬಂದು ಜಗಳಕ್ಕೆ ನಿಲ್ಲುತ್ತದೆ.
ತೆಳ್ಳಗೆ, ಓರೆಯಾಗಿ ಕತ್ತರಿಸಿದೆ.
ಜಗಳ ನಿಂತಿತು.

ಏಪ್ರಿಲಿನ ಮೊದಲ ಭಾನುವಾರ, ಬ್ರೈಟ್ಲಿಂಗ್‌ಸೀ.
ಕೋಲ್ನ್ ನದಿ ಉಬ್ಬಿ ಕೆಸರನ್ನೆಲ್ಲ ಮುಚ್ಚಿತ್ತು.
ದೋಣಿ ಹೋದದ್ದು ಹೋದದ್ದೇ, ಸದ್ದಿಲ್ಲ,
ತವದ ಮೇಲೆ ಎಣ್ಣೆ ಜಾರಿದಂತೆ.
ಚುಕ್ಕಾಣಿಯ ಎನಿಡ್ ಎರಡು ಸಲ ಗಾಳಿಗೆ ಎದುರಾಗಿ ನಿಂತುಬಿಟ್ಟಳು,
ಒಮ್ಮೆ ತಿರುವಿನ ತೇಲುಬುರುಡೆಗೆ ತಾಗಿಸಿದಳು.
ಯಾವಾಗಲೂ ಒಂಬತ್ತನೆಯವರು ನಾವು. ಅವತ್ತು ಹನ್ನೊಂದು.

ದಡದಲ್ಲಿ ಹಗ್ಗ ಸುತ್ತುತ್ತ
ನನ್ನ ಕಡೆಗಲ್ಲ, ನನ್ನ ಭುಜದ ಪಕ್ಕಕ್ಕೆ ನೋಡಿ ಹೇಳಿದಳು:
"ನಡುವೆ ಒಂದು ಬೂದು ಕಲೆ. ಎರಡು ವರ್ಷವಾಯಿತು.
ಹಾಯಿಯ ಮೇಲಿನ ನೂಲೆಳೆ ಕಾಣುವುದಿಲ್ಲ.
ಆ ಗುಂಯ್ ಇತ್ತಲ್ಲ, ಏರಿದರೆ ಸರಿ, ಇಳಿದರೆ ತಪ್ಪು.
ಅದರ ಕೈ ಹಿಡಿದುಕೊಂಡು ಹೋಗುತ್ತಿದ್ದೆ."

ಎರಡು ವರ್ಷ ಅದೇ ದೋಣಿಯಲ್ಲಿ, ಎರಡು ಮೊಳ ದೂರದಲ್ಲಿ,
ನಾನಿದ್ದೆ.
ಅಚ್ಚು ಮಾತ್ರ ನೋಡಿ ಅಭ್ಯಾಸ.

ಎಡಗಡೆಯ ಹಲಗೆ ಮತ್ತೆ ಮೇಜಿಗೆ ಬಂತು.
ಸರಿಪಡಿಸುವುದು ಸುಲಭ,
ಬೇಕಾದಷ್ಟೇ ಕೆಡಿಸುವುದಿದೆಯಲ್ಲ, ಅದಕ್ಕೆ ಮೂರು ಸಂಜೆ ಹಿಡಿಯಿತು.
ಓರೆ ಅಂಚಿಗೆ ಎಪಾಕ್ಸಿ ಮೆತ್ತಿ, ಅಕ್ಕಿಕಾಳಿನ ಬೆನ್ನಷ್ಟು ದುಂಡು.
ಬಲಗಡೆಯದು ಮೂಕವಾಗಿಯೇ ಇರಲಿ, ಒಂದು ಸಾಕು ಎಂದಳು.

ಈಗ ಎದುರು ಬರುವ ದೋಣಿಗಳನ್ನು ಕೂಗಿ ಹೇಳುವವನು ನಾನು.
ಗಾಳಿ ಬಲವಾಗಿ ಎಡ ಒಡಲು ನೀರು ಬಿಟ್ಟು ಎದ್ದರೆ
ಹಲಗೆಯ ದನಿ ನಿಲ್ಲುತ್ತದೆ. ಆಗ
ತಂತಿಗೆ ನೇತು, ಅಂಚಿಗೆ ಕಾಲು ಕೊಟ್ಟು,
ಬಾಯಿ ಮುಚ್ಚಿ ನಾನೇ ಗುಂಯ್ ಅನ್ನುತ್ತೇನೆ,
ವೇಗ ಏರಿದರೆ ಏರಿಸಿ, ಇಳಿದರೆ ಇಳಿಸಿ.

"ಮೇಲಾಯಿತು," ಎನ್ನುತ್ತಾಳೆ, "ಇಳಿಸು."
ದನಿಯನ್ನೋ ಹಾಯಿಯನ್ನೋ
ಎಂದು ಕೇಳುವಷ್ಟರಲ್ಲಿ ತೇಲುಬುರುಡೆ ಬಂದಿರುತ್ತದೆ.